ಹಳೆಯ ಕಂಪ್ಯೂಟರಿನಲ್ಲಿ ಆಟದ ಓಟ

ನಿಮ್ಮಲ್ಲಿ ಹಲವರ ಮನೆಯಲ್ಲಿ ಒಂದು ಕಂಪ್ಯೂಟರ್ ಇದೆ. 2020ರಲ್ಲಿ ಶಾಲೆ ಕಾಲೇಜುಗಳು ಮುಚ್ಚಿ ಪಾಠಗಳು ಪರದೆಯ ಮೇಲೆ ಬರತೊಡಗಿದಾಗ ಅಪ್ಪ ಅಮ್ಮ ಹೇಗೋ ಹಣ ಹೊಂದಿಸಿ ತಂದದ್ದಿರಬಹುದು. ಇಲ್ಲವೇ ಯಾವುದೋ ಕಚೇರಿ ಬಳಸಿ ಬಿಟ್ಟದ್ದನ್ನು ಅಣ್ಣ ಹೈದರಾಬಾದಿನಿಂದ ತಂದುಕೊಟ್ಟದ್ದಿರಬಹುದು. ತಂದ ಹೊಸದರಲ್ಲಿ ಅದರಲ್ಲಿ ಆಟಗಳು ಚೆನ್ನಾಗಿಯೇ ಓಡುತ್ತಿದ್ದವು. ಈಗ ಕಾರು ತಿರುಗಿಸಿದರೆ ಪರದೆ ತಡೆತಡೆದು ತಿರುಗುತ್ತದೆ. ಓಡುವ ಮನುಷ್ಯ ಎಡವುತ್ತ ಓಡುತ್ತಾನೆ. ಬಸವಕಲ್ಯಾಣ, ಹುಮನಾಬಾದ್ ಕಡೆಯ ಹುಡುಗರು ಹುಡುಗಿಯರು ಕೇಳುವ ಪ್ರಶ್ನೆಯೂ ಇದೇ: ಹೊಸ ಕಂಪ್ಯೂಟರ್ ಕೊಳ್ಳದೆ ಇದನ್ನು ಸರಿಮಾಡಲು ಸಾಧ್ಯವೇ?

ಸಾಧ್ಯ, ಆದರೆ ಒಂದು ಮಿತಿಯವರೆಗೆ. ಆ ಮಿತಿ ಎಲ್ಲಿದೆ ಎಂದು ಕಂಡುಹಿಡಿಯುವುದೇ ಇಂದಿನ ವಿಷಯ. ಆಟದ ಮಾತು ದೂರದರ್ಶನದ ಭಾಷಣಕ್ಕೆ ತಕ್ಕುದೇ ಎಂದು ಹುಬ್ಬೇರಿಸುವ ಹಿರಿಯರೂ ಇರಬಹುದು. ಅವರಿಗೆ ಒಂದು ಮಾತು ಹೇಳಬೇಕು. ವಿದ್ಯಾರ್ಥಿವೇತನದ ಅರ್ಜಿ ತುಂಬುವುದು, ಸಿಇಟಿಗೆ ಓದುವುದು, ಪ್ರಾಜೆಕ್ಟ್ ಬರೆಯುವುದು ಎಲ್ಲವೂ ಅದೇ ಯಂತ್ರದಲ್ಲಿ. ಆಟಕ್ಕಾಗಿ ಅದನ್ನು ಅಡ್ಡಾದಿಡ್ಡಿಯಾಗಿ ಬಿಚ್ಚಿ ಹಾಳು ಮಾಡಿಕೊಂಡರೆ ಮನೆಯಲ್ಲಿ ಎರಡನೆಯದಿಲ್ಲ.

ಮೊದಲು ಚಿತ್ರದ ಲೆಕ್ಕ. ನಮ್ಮ ವೃತ್ತಿಯಲ್ಲಿ ಒಂದೊಂದು ಸ್ಥಿರ ಚಿತ್ರವನ್ನೂ ಫ್ರೇಮ್ ಎನ್ನುತ್ತೇವೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮುಗಳು, ನಮ್ಮ ದೇಶದ ಟೆಲಿವಿಷನ್ನಿನಲ್ಲಿ 25. ಈ 25 ಎಲ್ಲಿಂದ ಬಂತು? ನಮ್ಮ ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದ್ದು. ಪರದೆಯ ಮೇಲೆ ವಿದ್ಯುತ್ತಿನ ಕಂಪನ ಪಟ್ಟೆಪಟ್ಟೆಯಾಗಿ ಹರಿದಾಡದಿರಲಿ ಎಂದು ಅಂದಿನ ಎಂಜಿನಿಯರುಗಳು ಅದರ ಅರ್ಧವನ್ನು ಆರಿಸಿಕೊಂಡರು. ಪ್ರತಿ ಫ್ರೇಮನ್ನೂ ಬೆಸ ಗೆರೆಗಳು, ಸರಿ ಗೆರೆಗಳು ಎಂದು ಎರಡು ಪಾಲು ಮಾಡಿ, ಸೆಕೆಂಡಿಗೆ 50 ಪಾಲುಗಳನ್ನು ಕಳುಹಿಸಿದರು. ನಡುವಿನ ಸಂದನ್ನು ನಮ್ಮ ಕಣ್ಣೂ ಮಿದುಳೂ ಸೇರಿ ಹೊಲೆದುಬಿಡುತ್ತವೆ.

ಹಾಗಾದರೆ ಟೆಲಿವಿಷನ್ನಿಗೆ ಸಾಕಾದ 25 ಆಟಕ್ಕೆ ಏಕೆ ಸಾಲದು? ಇದಕ್ಕೆ ಎರಡು ಕಾರಣಗಳಿವೆ. ನಮ್ಮ ಕ್ಯಾಮರಾ ಒಂದು ಫ್ರೇಮ್ ಹಿಡಿಯುವಾಗ ಅದರ ಕಣ್ಣು ಸೆಕೆಂಡಿನ ಐವತ್ತನೆಯ ಒಂದು ಭಾಗದಷ್ಟು ಹೊತ್ತು ತೆರೆದಿರುತ್ತದೆ. ಅಷ್ಟರಲ್ಲಿ ಬೀಸಿದ ಕೈ ಸ್ವಲ್ಪ ಕಲೆಸಿದಂತೆ ಮೂಡುತ್ತದೆ. ಆ ಕಲೆಸುವಿಕೆಯೇ ಒಂದು ಚಿತ್ರವನ್ನು ಮುಂದಿನದಕ್ಕೆ ಬೆಸೆಯುವ ಅಂಟು. ಕಂಪ್ಯೂಟರ್ ಬಿಡಿಸುವ ಚಿತ್ರವಾದರೋ ಚಾಕುವಿನಲ್ಲಿ ಕೊರೆದಷ್ಟು ಸ್ಪಷ್ಟ, ಅಂಟಿಲ್ಲ. ಎರಡನೆಯ ಕಾರಣ ನಿಮ್ಮ ಕೈ. ಟೆಲಿವಿಷನ್ ನೋಡುವವನು ಸುಮ್ಮನೆ ಕುಳಿತಿರುತ್ತಾನೆ. ಆಡುವವನು ಗುಂಡಿ ಒತ್ತಿ, ಅದರ ಫಲ ಪರದೆಯ ಮೇಲೆ ಕಾಣಲು ಕಾಯುತ್ತಿರುತ್ತಾನೆ. ಕಣ್ಣು ಕ್ಷಮಿಸುವ ತಡವನ್ನು ಕೈ ಕ್ಷಮಿಸುವುದಿಲ್ಲ.

ಈ ತಡವನ್ನು ಮಿಲಿಸೆಕೆಂಡಿನಲ್ಲಿ ಅಳೆಯುವುದು ಒಳ್ಳೆಯದು. ಸೆಕೆಂಡಿಗೆ 25 ಚಿತ್ರವೆಂದರೆ ಒಂದಕ್ಕೆ 40 ಮಿಲಿಸೆಕೆಂಡು. 30 ಎಂದರೆ ಸುಮಾರು 33, 60 ಎಂದರೆ 16.7. ಅಷ್ಟು ಅವಧಿಯೊಳಗೆ ಯಂತ್ರವು ನಿಮ್ಮ ಗುಂಡಿಯನ್ನು ಗಮನಿಸಬೇಕು, ಯಾವ ಕಾರು ಎಲ್ಲಿದೆ ಎಂದು ಎಣಿಸಬೇಕು, ಡಿಕ್ಕಿಯಾಯಿತೇ ಎಂದು ನೋಡಬೇಕು, ಆಮೇಲೆ ಲಕ್ಷಗಟ್ಟಲೆ ಚುಕ್ಕೆಗಳಿಗೆ ಬಣ್ಣ ಹಚ್ಚಬೇಕು. ಸರಾಸರಿ ಚೆನ್ನಾಗಿದ್ದೂ ಆಟ ಕೆಟ್ಟದಾಗಿ ಕಾಣುವುದುಂಟು. 39 ಚಿತ್ರಗಳು ಬೇಗ ಬಂದು ನಲವತ್ತನೆಯದು ಮಾತ್ರ 120 ಮಿಲಿಸೆಕೆಂಡು ತೆಗೆದುಕೊಂಡರೆ ಸರಾಸರಿ ಅದನ್ನು ಮುಚ್ಚಿಡುತ್ತದೆ, ಕಣ್ಣು ಮುಚ್ಚಿಡುವುದಿಲ್ಲ. ಆದುದರಿಂದ 25ಕ್ಕೂ 55ಕ್ಕೂ ನಡುವೆ ಜಿಗಿದಾಡುವ ಓಟಕ್ಕಿಂತ ಒಂದೇ ಸಮನೆ 30ರ ಓಟ ಮೇಲು. ಬಹಳ ಆಟಗಳಲ್ಲಿ ಫ್ರೇಮುಗಳ ಸಂಖ್ಯೆಗೆ ಮಿತಿ ಹಾಕುವ ಸೌಲಭ್ಯವಿದೆ. ಹಳೆಯ ಯಂತ್ರದವರು ನಾಚಿಕೊಳ್ಳದೆ ಅದನ್ನು ಬಳಸಿರಿ. ಯಂತ್ರ ಕಾಯುವುದೂ ಕಡಿಮೆಯಾಗುತ್ತದೆ.

ಕೆಲಸ ಕಡಿಮೆಯಾದರೆ ಓಟ ಹೆಚ್ಚುತ್ತದೆ ಎಂಬುದಕ್ಕೆ ಇತಿಹಾಸದಲ್ಲೇ ಸೊಗಸಾದ ಉದಾಹರಣೆ ಇದೆ. 1978ರಲ್ಲಿ ಜಪಾನಿನ ತೊಮೊಹಿರೊ ನಿಶಿಕಾಡೊ ರೂಪಿಸಿದ ‘ಸ್ಪೇಸ್ ಇನ್ವೇಡರ್ಸ್’ ಆಟದಲ್ಲಿ ಶತ್ರುಗಳನ್ನು ಹೊಡೆದಷ್ಟೂ ಉಳಿದವರ ವೇಗ ಹೆಚ್ಚುತ್ತ ಹೋಗುತ್ತದೆ. ಇದು ಮೊದಲು ಯೋಜಿಸಿ ಮಾಡಿದ್ದಲ್ಲ. ಅಂದಿನ ಪ್ರೊಸೆಸರಿಗೆ ಅಷ್ಟೊಂದು ಆಕೃತಿಗಳನ್ನು ಸರಿಸುವುದೇ ಭಾರವಾಗಿತ್ತು. ಆಕೃತಿಗಳು ಕಡಿಮೆಯಾದಂತೆ ಅದು ಹಗುರಾಗಿ ಓಡತೊಡಗಿತು. ಆಟಕ್ಕೆ ಅದೇ ರೋಚಕವಾಗಿದೆಯೆಂದು ಹಾಗೆಯೇ ಉಳಿಸಿಕೊಂಡರು. 1993ರಲ್ಲಿ ‘ಡೂಮ್’ ಬಂದಾಗ ಕಡಿಮೆ ಶಕ್ತಿಯ ಯಂತ್ರವಿದ್ದವರು ಆಟದ ಕಿಟಕಿಯನ್ನೇ ಚಿಕ್ಕದು ಮಾಡಿಕೊಂಡು, ಸುತ್ತ ಚೌಕಟ್ಟು ಬಿಟ್ಟು ಆಡಬಹುದಿತ್ತು. ಚಿತ್ರ ಚಿಕ್ಕದಾಯಿತು, ಓಟ ಹೆಚ್ಚಿತು. ಇಂದು ನಾವು ಮಾಡಬೇಕಾದ್ದೂ ಹೆಚ್ಚುಕಡಿಮೆ ಅದೇ ವ್ಯಾಪಾರ. ಯಾವುದನ್ನು ಬಿಟ್ಟುಕೊಟ್ಟರೆ ನಷ್ಟ ಕಡಿಮೆ ಎಂದು ತಿಳಿದಿದ್ದರಾಯಿತು.

ಯಂತ್ರದ ಯಾವ ಭಾಗ ಸೋಲುತ್ತಿದೆ ಎಂದು ತಿಳಿಯಲು ಒಂದು ನೋಟುಪುಸ್ತಕ ಇಟ್ಟುಕೊಳ್ಳಿ. ಫ್ರೇಮುಗಳನ್ನು ಎಣಿಸಿ ತೋರಿಸುವ ಸೌಲಭ್ಯ ಸ್ಟೀಮ್‌ನಲ್ಲಿದೆ, ವಿಂಡೋಸ್ 10ರ ಗೇಮ್ ಬಾರ್‌ನಲ್ಲೂ ಇದೆ. ಆಟದಲ್ಲಿ ಒಂದೇ ಜಾಗ, ಒಂದೇ ದಾರಿ ಆರಿಸಿ ಎರಡು ನಿಮಿಷ ನಡೆದು ಸಂಖ್ಯೆ ಬರೆದುಕೊಳ್ಳಿ. ಆಮೇಲೆ ರೆಸಲ್ಯೂಶನ್ ಮಾತ್ರ ಇಳಿಸಿ ಅದೇ ದಾರಿಯಲ್ಲಿ ಮತ್ತೆ ನಡೆಯಿರಿ. 1920ರಿಂದ 1080ರ ಪರದೆಯಲ್ಲಿ 20,73,600 ಚುಕ್ಕೆಗಳಿವೆ. 1280ರಿಂದ 720ಕ್ಕೆ ಇಳಿಸಿದರೆ 9,21,600 ಮಾತ್ರ, ಅಂದರೆ ಬಣ್ಣ ಹಚ್ಚುವ ಕೆಲಸ ಅರ್ಧಕ್ಕಿಂತ ಕಡಿಮೆ. ಹೀಗೆ ಮಾಡಿದಾಗ ಫ್ರೇಮುಗಳು ಚೆನ್ನಾಗಿ ಏರಿದರೆ ಸೋಲುತ್ತಿದ್ದುದು ಚಿತ್ರ ಬಿಡಿಸುವ ಗ್ರಾಫಿಕ್ಸ್ ಭಾಗ. ಸಂಖ್ಯೆ ಅಲುಗಾಡದಿದ್ದರೆ ಸೋಲುತ್ತಿರುವುದು ಲೆಕ್ಕ ಮಾಡುವ ಪ್ರೊಸೆಸರ್, ಅಥವಾ ಮೆಮೊರಿ. ಪ್ರಯೋಗಶಾಲೆಯಲ್ಲಿ ನಿಮ್ಮ ಅಧ್ಯಾಪಕರು ಹೇಳುವ ನಿಯಮವನ್ನೇ ಇಲ್ಲಿಯೂ ಪಾಲಿಸಿ: ಒಂದು ಸಲಕ್ಕೆ ಒಂದೇ ಬದಲಾವಣೆ. ಹತ್ತು ಗುಂಡಿಗಳನ್ನು ಒಟ್ಟಿಗೆ ತಿರುವಿದವನಿಗೆ ಯಾವುದರಿಂದ ಲಾಭವಾಯಿತೆಂದು ಎಂದೂ ತಿಳಿಯುವುದಿಲ್ಲ.

ಗ್ರಾಫಿಕ್ಸ್ ಸೋಲುತ್ತಿದ್ದರೆ ಮೊದಲು ಇಳಿಸಬೇಕಾದ್ದು ನೆರಳು. ಮರದ ನೆರಳಿಗಾಗಿ ಯಂತ್ರವು ಆ ದೃಶ್ಯವನ್ನು ಸೂರ್ಯನ ಕಡೆಯಿಂದ ಮತ್ತೊಮ್ಮೆ ಬಿಡಿಸಿ ನೋಡಬೇಕಾಗುತ್ತದೆ. ಅದರ ನಂತರ ನೀರಿನ ಪ್ರತಿಬಿಂಬ, ಹುಲ್ಲು, ಅಂಚುಗಳನ್ನು ನಯಗೊಳಿಸುವ ಆಂಟಿ-ಅಲಿಯಾಸಿಂಗ್. ಗೋಡೆ, ಬಟ್ಟೆಗಳ ಮೇಲ್ಮೈ ವಿವರ, ಅಂದರೆ ಟೆಕ್ಸ್ಚರ್, ಕಾರ್ಡಿನ ಮೆಮೊರಿಯಲ್ಲಿ ಹಿಡಿಸುವಷ್ಟಿದ್ದರೆ ಅದನ್ನು ಇಳಿಸಿ ಹೆಚ್ಚೇನೂ ಸಿಗದು. ಸುಮ್ಮನೆ ಚಿತ್ರ ಕೆಡುತ್ತದೆ. 2021ರಲ್ಲಿ ಎಎಂಡಿ ಕಂಪನಿಯವರು ಎಫ್‌ಎಸ್‌ಆರ್ ಎಂಬ ವಿಧಾನ ತಂದರು. ಚಿತ್ರವನ್ನು ಚಿಕ್ಕದಾಗಿ ಬಿಡಿಸಿ, ಅಂಚುಗಳನ್ನು ಗುರುತಿಸಿ ದೊಡ್ಡದು ಮಾಡುವ ಉಪಾಯವದು. ಬೇರೆ ಕಂಪನಿಗಳ ಹಳೆಯ ಕಾರ್ಡುಗಳಲ್ಲೂ ನಡೆಯುತ್ತದೆ. ಆಟದಲ್ಲಿ ಆ ಆಯ್ಕೆ ಇದ್ದರೆ ಪ್ರಯತ್ನಿಸಿ ನೋಡಿ.

ಪ್ರೊಸೆಸರ್ ಸೋಲುತ್ತಿದ್ದರೆ ನೋಡಬೇಕಾದ್ದು ಬೇರೆ: ಬೀದಿಯ ಜನಸಂದಣಿ, ವಾಹನಗಳ ಸಂಖ್ಯೆ, ಎಷ್ಟು ದೂರದವರೆಗೆ ಲೋಕವನ್ನು ತೋರಿಸಬೇಕು ಎಂಬುದು. ‘ಮೈನ್‌ಕ್ರಾಫ್ಟ್’ ಆಡುವವರು ಈ ಲೆಕ್ಕ ಮಾಡಿ ನೋಡಿ. ಅಲ್ಲಿನ ಭೂಮಿ ತುಂಡುತುಂಡಾಗಿದೆ. ನಾಲ್ಕೂ ದಿಕ್ಕಿಗೆ 8 ತುಂಡು ಕಾಣಬೇಕೆಂದರೆ 17ನ್ನು 17ರಿಂದ ಗುಣಿಸಿ 289 ತುಂಡುಗಳು. ಅದನ್ನು 16ಕ್ಕೆ ಏರಿಸಿದರೆ 33ನ್ನು 33ರಿಂದ ಗುಣಿಸಿ 1,089. ದೂರ ಎರಡು ಪಟ್ಟಾಯಿತು, ಕೆಲಸ ಹತ್ತಿರ ಹತ್ತಿರ ನಾಲ್ಕು ಪಟ್ಟಾಯಿತು. ವರ್ಗದ ಸೂತ್ರವನ್ನು ಪರೀಕ್ಷೆಗೆಂದು ಮಾತ್ರ ಉರು ಹೊಡೆದವರಿಗೆ ಅದು ಇಲ್ಲಿ ಕಣ್ಣಿಗೆ ಕಾಣುತ್ತದೆ.

ಇನ್ನು ಶಾಖದ ವಿಚಾರ. ನಿಮ್ಮ ಕಡೆಯವರಿಗೆ ಇದೇ ದೊಡ್ಡ ವಿಚಾರ.

ಬಸವಕಲ್ಯಾಣದ ಆಟೊನಗರದಲ್ಲಿ ಲಾರಿಗಳಿಗೆ ಬಾಡಿ ಕಟ್ಟುವವರನ್ನೂ ಎಂಜಿನ್ ಬಿಚ್ಚುವ ಮಿಸ್ತ್ರಿಗಳನ್ನೂ ನೀವು ನೋಡಿರುತ್ತೀರಿ. ಲಾರಿ ಏರಿನಲ್ಲಿ ಎಳೆಯುತ್ತಿಲ್ಲ ಎಂದು ಡ್ರೈವರ್ ಹೇಳಿದರೆ ಅನುಭವಿ ಮಿಸ್ತ್ರಿ ಹೊಸ ಎಂಜಿನ್ ತರಲು ಹೇಳುವುದಿಲ್ಲ. ಮೊದಲು ಗಾಳಿಯ ಫಿಲ್ಟರ್ ಬಿಚ್ಚಿ ಕೊಡವುತ್ತಾನೆ, ರೇಡಿಯೇಟರಿನ ಸಂದುಗಳಲ್ಲಿ ಕಸ ಕೂತಿದೆಯೇ ನೋಡುತ್ತಾನೆ. ಕಂಪ್ಯೂಟರಿನ ಒಳಗೂ ಒಂದು ರೇಡಿಯೇಟರ್ ಇದೆ. ತೆಳ್ಳಗಿನ ಲೋಹದ ಹಾಳೆಗಳ ಸಾಲು, ಅದರ ಮೇಲೆ ಅಥವಾ ಪಕ್ಕದಲ್ಲಿ ಒಂದು ಫ್ಯಾನ್. ಹುಮನಾಬಾದ್ ಎಂದರೆ ಹೈದರಾಬಾದ್–ಸೊಲ್ಲಾಪುರ ಹೆದ್ದಾರಿಯೂ ಬೀದರ್–ಕಲಬುರಗಿ ರಸ್ತೆಯೂ ಕೂಡುವ ಊರು. ರಸ್ತೆಯ ಧೂಳಿಗೆ ಬಡತನವಿಲ್ಲ. ಜಂಬಿಟ್ಟಿಗೆಯ ಕೆಂಪು ಧೂಳು, ಎರೆಭೂಮಿಯ ಕಪ್ಪು ಧೂಳು, ತೊಗರಿ ರಾಶಿ ಮಾಡುವ ದಿನಗಳಲ್ಲಿ ಹಾರಿಬರುವ ಹೊಟ್ಟು, ಇವೆಲ್ಲ ಐದಾರು ವರ್ಷಗಳಲ್ಲಿ ಆ ಹಾಳೆಗಳ ನಡುವೆ ಕಂಬಳಿಯಂತೆ ಕೂರುತ್ತವೆ. ಫ್ಯಾನು ತಿರುಗುತ್ತಲೇ ಇರುತ್ತದೆ, ಗಾಳಿ ಹೋಗುವುದಿಲ್ಲ.

ಪ್ರೊಸೆಸರ್ ತನ್ನನ್ನು ತಾನು ಕಾಪಾಡಿಕೊಳ್ಳುವ ಜಾಣ್ಮೆ ಉಳ್ಳದ್ದು. ಬಿಸಿ ಒಂದು ಮಿತಿ ಮುಟ್ಟಿದೊಡನೆ, ಹಲವು ಪ್ರೊಸೆಸರುಗಳಲ್ಲಿ ಅದು 95ರಿಂದ 100 ಡಿಗ್ರಿ ಸೆಲ್ಸಿಯಸ್, ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಆಟ ಶುರುವಾದ ಮೊದಲ ಐದು ನಿಮಿಷ ಚೆನ್ನಾಗಿದ್ದು ಆಮೇಲೆ ಎಳೆದಾಡತೊಡಗಿದರೆ ಬಹುಮಟ್ಟಿಗೆ ಇದೇ ರೋಗ. ಇಲ್ಲಿ ಭೌತಶಾಸ್ತ್ರದ ಒಂದು ಸರಳ ಸಂಗತಿ ನೆನಪಿಡಿ. ಶಾಖ ಹರಿಯುವುದು ಎರಡು ವಸ್ತುಗಳ ಉಷ್ಣತೆಯ ಅಂತರದಿಂದ. ಕೋಣೆಯ ಗಾಳಿ 25 ಡಿಗ್ರಿ ಇದ್ದಾಗ ಚಿಪ್ಪು 80ರಲ್ಲಿ ನಿಂತರೆ ಅಂತರ 55. ಅದೇ ಆಟ, ಅದೇ ಫ್ಯಾನು, ಮೇ ತಿಂಗಳ ಮಧ್ಯಾಹ್ನ ಕೋಣೆ 40 ಡಿಗ್ರಿ ಆದರೆ ಅಷ್ಟೇ ಅಂತರ ಸಿಗಬೇಕಾದರೆ ಚಿಪ್ಪು ಸುಮಾರು 95ಕ್ಕೆ ಏರಬೇಕು. ಡಿಸೆಂಬರಿನಲ್ಲಿ ಓಡಿದ ಆಟ ಬೇಸಿಗೆ ರಜೆಯಲ್ಲಿ ಕುಂಟುವುದಕ್ಕೆ ಬೇರೆ ಮಾಟಮಂತ್ರ ಬೇಕಿಲ್ಲ. ಬೆಳಗಿನ ಜಾವ ಆಡಿ ನೋಡಿದರೂ ವ್ಯತ್ಯಾಸ ತಿಳಿಯುತ್ತದೆ. (ಅಷ್ಟು ಹೊತ್ತಿಗೆ ಏಳುವವರು ಓದಲೆಂದೇ ಎದ್ದಿದ್ದಾರೆಂದು ಮನೆಯವರು ಭಾವಿಸುತ್ತಾರೆ, ಅದು ಬೇರೆ ಮಾತು.)

ಶುಚಿಗೊಳಿಸುವ ಕ್ರಮ ಹೀಗೆ. ಅದಕ್ಕೂ ಮೊದಲು ನಿಮ್ಮ ಕಡತಗಳನ್ನು, ಮನೆಯವರ ಫೋಟೋಗಳನ್ನು ಪೆನ್‌ಡ್ರೈವಿಗೆ ನಕಲು ಮಾಡಿ. ಕಂಪ್ಯೂಟರ್ ಆರಿಸಿ, ಗೋಡೆಯಿಂದ ಪ್ಲಗ್ ಕಿತ್ತು, ಆನ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿಯಿರಿ. ಪಕ್ಕದ ತಗಡು ತೆಗೆದು, ಬಣ್ಣವಿಲ್ಲದ ಜಾಗದಲ್ಲಿ ಲೋಹವನ್ನು ಒಮ್ಮೆ ಮುಟ್ಟಿ ಮೈಮೇಲಿನ ಸ್ಥಾಯೀ ವಿದ್ಯುತ್ತನ್ನು ಕಳೆದುಕೊಳ್ಳಿ. ಚಿತ್ರಕಲೆಯ ಒಣ ಕುಂಚ ಸಾಕು. ಒದ್ದೆ ಬಟ್ಟೆ ಬೇಡ. ಗಾಳಿ ಊದುವ ಬ್ಲೋವರ್ ಇದ್ದರೆ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದು ಊದಿ; ಇಲ್ಲದಿದ್ದರೆ ಅದು ಮಿತಿಮೀರಿ ಸುತ್ತಿ ಬೇರಿಂಗು ಹಾಳಾಗುತ್ತದೆ. ಪ್ರೊಸೆಸರಿಗೂ ಅದರ ಲೋಹದ ಪಟ್ಟಿಗೂ ನಡುವೆ ಹಚ್ಚಿರುವ ಪೇಸ್ಟು ವರ್ಷಗಳು ಕಳೆದಂತೆ ಒಣಗಿ ಬಿರಿಯುತ್ತದೆ. ಡೆಸ್ಕ್‌ಟಾಪಿನಲ್ಲಾದರೆ ಹಳೆಯದನ್ನು ಒರೆಸಿ ಹೊಸದನ್ನು ಒಂದು ಬಟಾಣಿ ಕಾಳಿನಷ್ಟು ಹಚ್ಚಬಹುದು. ಲ್ಯಾಪ್‌ಟಾಪನ್ನು ನೀವು ಬಿಚ್ಚಬೇಡಿ, ಕೆಲಸ ಬಲ್ಲ ರಿಪೇರಿಯವರ ಮುಂದೆ ಕುಳಿತು ಮಾಡಿಸಿಕೊಳ್ಳಿ. ವಿದ್ಯುತ್ತು ಹಂಚುವ ಎಸ್‌ಎಂಪಿಎಸ್ ಪೆಟ್ಟಿಗೆಯನ್ನಂತೂ ಯಾರೂ ಬಿಚ್ಚಕೂಡದು. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪ್ಯಾಸಿಟರುಗಳಲ್ಲಿ ಪ್ರಾಣಾಪಾಯದಷ್ಟು ವಿದ್ಯುತ್ತು ಉಳಿದಿರಬಹುದು. ಹೊರಗಿನಿಂದ ಕುಂಚ ಆಡಿಸಿದರೆ ಸಾಕು.

ಇಷ್ಟು ಮಾಡಿ, ನೋಟುಪುಸ್ತಕದಲ್ಲಿ ಮೊದಲು ಬರೆದಿಟ್ಟ ದಾರಿಯಲ್ಲೇ ಮತ್ತೆ ಅರ್ಧ ಗಂಟೆ ಆಡಿ ಸಂಖ್ಯೆ ನೋಡಿ. ಶುರುವಿನ ಸಂಖ್ಯೆಯನ್ನಲ್ಲ, ಕೊನೆಯ ಐದು ನಿಮಿಷದ ಸಂಖ್ಯೆಯನ್ನು ಹೋಲಿಸಬೇಕು. ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲೋ ಕೌದಿಯ ಮೇಲೋ ಇಟ್ಟು ಆಡುವವರು ಒಂದು ಮಣೆಯ ಮೇಲೆ ಇಟ್ಟರೂ ಲಾಭ ಕಾಣುತ್ತಾರೆ. ಗಾಳಿ ಎಳೆಯುವ ಕಿಂಡಿಗಳು ಅದರ ತಳದಲ್ಲಿರುತ್ತವೆ. ಇನ್ನೊಂದು ಮಾತು: ಚಾರ್ಜರ್ ಸಿಕ್ಕಿಸದೆ ಬ್ಯಾಟರಿಯ ಮೇಲೆ ಆಡಿದರೆ ಲ್ಯಾಪ್‌ಟಾಪ್ ಶಕ್ತಿ ಉಳಿಸಲು ವೇಗ ತಗ್ಗಿಸುತ್ತದೆ. ಕಡಿಮೆ ವಾಟ್ಸಿನ ಅಗ್ಗದ ಚಾರ್ಜರ್ ಹಾಕಿದರೂ ಹೀಗೇ ಆಗಬಹುದು.

ಮೆಮೊರಿಯ ವಿಷಯದಲ್ಲಿ ಹಲವರಿಗೆ ತಿಳಿಯದ ಒಂದು ಅಂಶವಿದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿಲ್ಲದ ಯಂತ್ರಗಳಲ್ಲಿ ಚಿತ್ರ ಬಿಡಿಸುವ ಭಾಗವು ಸಾಮಾನ್ಯ ಮೆಮೊರಿಯನ್ನೇ ಎರವಲು ಪಡೆಯುತ್ತದೆ. ಒಂದೇ ಮೆಮೊರಿ ಕಡ್ಡಿ ಇದ್ದರೆ ಮಾಹಿತಿ ಹರಿಯಲು ಒಂದೇ ಕಾಲುವೆ. ಹೊಂದುವ ಇನ್ನೊಂದು ಕಡ್ಡಿ ಹಾಕಿದರೆ ಎರಡು ಕಾಲುವೆ. ಡಿಡಿಆರ್4–2400 ಬಗೆಯ ಒಂದು ಕಡ್ಡಿಯಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 19.2 ಗಿಗಾಬೈಟು ಹರಿಯುತ್ತದೆ, ಎರಡರಲ್ಲಿ 38.4. ಇಂಥ ಯಂತ್ರಗಳಲ್ಲಿ ನಾಲ್ಕು ಗಿಗಾಬೈಟಿನ ಇನ್ನೊಂದು ಕಡ್ಡಿ ಹಾಕಿಸುವುದು ನನ್ನ ಅಭಿಪ್ರಾಯದಲ್ಲಿ ಕೊಟ್ಟ ಹಣಕ್ಕೆ ಅತಿ ಹೆಚ್ಚು ಫಲ ಕೊಡುವ ಕೆಲಸ. ಕೊಳ್ಳುವ ಮುನ್ನ ಹಳೆಯ ಕಡ್ಡಿಯ ಮೇಲಿನ ಚೀಟಿಯ ಫೋಟೋ ತೆಗೆದುಕೊಂಡು ಹೋಗಿ. ಡಿಡಿಆರ್3ರ ಜಾಗದಲ್ಲಿ ಡಿಡಿಆರ್4 ಕೂರುವುದಿಲ್ಲ, ಕಚ್ಚಿನ ಸ್ಥಾನವೇ ಬೇರೆ. ಎಸ್‌ಎಸ್‌ಡಿ ಹಾಕಿಸಿದರೆ ಕಂಪ್ಯೂಟರ್ ಬೇಗ ಎದ್ದೇಳುತ್ತದೆ, ಆಟ ಬೇಗ ತೆರೆಯುತ್ತದೆ, ವಿಶಾಲ ಲೋಕದ ಆಟಗಳಲ್ಲಿ ನಡುನಡುವೆ ತಡೆಯುವುದು ಕಡಿಮೆಯಾಗುತ್ತದೆ. ಆದರೆ ಸೆಕೆಂಡಿಗೆ ಬರುವ ಫ್ರೇಮುಗಳನ್ನು ಅದು ಹೆಚ್ಚಿಸುವುದಿಲ್ಲ. ಹೆಚ್ಚಿಸುತ್ತದೆ ಎಂದು ಅಂಗಡಿಯವರು ಹೇಳಿದರೆ ನಕ್ಕು ಸುಮ್ಮನಿರಿ.

‘ಗೇಮ್ ಬೂಸ್ಟರ್’ ಎಂಬ ಹೆಸರಿನಲ್ಲಿ ಪುಕ್ಕಟೆ ಸಿಗುವ ತಂತ್ರಾಂಶಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವು ಮಾಡುವ ಒಳ್ಳೆಯ ಕೆಲಸವನ್ನು, ಅಂದರೆ ಹಿನ್ನೆಲೆಯಲ್ಲಿ ತೆರೆದಿರುವ ಬ್ರೌಸರು ಮುಂತಾದವನ್ನು ಮುಚ್ಚುವುದನ್ನು, ನೀವೇ ಮಾಡಬಲ್ಲಿರಿ. ಬೀಗ ಒಡೆದ ಕಳ್ಳಪ್ರತಿ ಆಟಗಳು ಇನ್ನೂ ಅಪಾಯ. ಕೆಲವದರೊಳಗೆ ನಿಮಗೆ ತಿಳಿಯದಂತೆ ಬೇರೆಯವರಿಗಾಗಿ ಕ್ರಿಪ್ಟೊ ನಾಣ್ಯ ಗಣಿಗಾರಿಕೆ ನಡೆಸುವ ಕ್ರಮವಿಧಿ ಅಡಗಿರುತ್ತದೆ. ಆಟ ನಿಲ್ಲಿಸಿದ ಮೇಲೂ ಫ್ಯಾನು ಭೋರ್ಗರೆಯುತ್ತಿದ್ದರೆ ಟಾಸ್ಕ್ ಮ್ಯಾನೇಜರ್ ತೆರೆದು ಪ್ರೊಸೆಸರನ್ನು ಯಾರು ದುಡಿಸುತ್ತಿದ್ದಾರೆ ನೋಡಿ.

ಇಷ್ಟಾದರೂ ಸಾಲದೆ ಗ್ರಾಫಿಕ್ಸ್ ಕಾರ್ಡ್ ಕೊಳ್ಳಲೇಬೇಕೆಂದಿದ್ದರೆ ಬೀದರ್ ಜಿಲ್ಲೆಯವರು ಬೆಂಗಳೂರಿನ ಎಸ್.ಪಿ. ರಸ್ತೆಗೆ ಬರಬೇಕಾಗಿಲ್ಲ, ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್ ನಿಮಗೆ ಹತ್ತಿರ. ಹೋಗುವ ಮೊದಲು ಎಸ್‌ಎಂಪಿಎಸ್ ಮೇಲಿನ ವಾಟ್ಸ್ ಓದಿಕೊಳ್ಳಿ. ಕಚೇರಿಗಳಿಂದ ಬಂದ ಸಣ್ಣ ಪೆಟ್ಟಿಗೆಗಳಲ್ಲಿ ಕಾರ್ಡಿಗೆ ಬೇರೆ ತಂತಿಯೇ ಇರುವುದಿಲ್ಲ. ಮದರ್‌ಬೋರ್ಡಿನ ಕಿಂಡಿಯಿಂದ ಹೆಚ್ಚೆಂದರೆ 75 ವಾಟ್ ಸಿಗುತ್ತದೆ, ಅಷ್ಟರಲ್ಲೇ ಬದುಕುವ ಕಾರ್ಡನ್ನು ಹುಡುಕಬೇಕು. ಕಿರಿದಾದ ಪೆಟ್ಟಿಗೆಗೆ ಕಾರ್ಡೂ ಕುಳ್ಳಗಿರಬೇಕು. ಹೆಸರನ್ನು ಮಾತ್ರ ನಂಬಬೇಡಿ. ಎನ್ವಿಡಿಯಾದ ಜಿಟಿ 1030 ಎಂಬ ಕಾರ್ಡು ಎರಡು ಬಗೆಯಲ್ಲಿ ಬಂದಿತು. ಜಿಡಿಡಿಆರ್5 ಮೆಮೊರಿಯದರಲ್ಲಿ ಸೆಕೆಂಡಿಗೆ 48 ಗಿಗಾಬೈಟು ಹರಿಯುತ್ತದೆ, ಡಿಡಿಆರ್4 ಮೆಮೊರಿಯದರಲ್ಲಿ 17 ಕೂಡ ಇಲ್ಲ. ಡಬ್ಬಿಯ ಮೇಲೆ ಎರಡಕ್ಕೂ ಅದೇ ದೊಡ್ಡ ಹೆಸರು. ಬಳಸಿದ ಕಾರ್ಡಾದರೆ ಅಂಗಡಿಯಲ್ಲೇ ಒಂದು ಯಂತ್ರಕ್ಕೆ ಹಾಕಿಸಿ, ಜಿಪಿಯು–ಝಡ್ ಎಂಬ ಉಚಿತ ತಂತ್ರಾಂಶ ತೆರೆಸಿ ನೋಡಿ. ಹಳೆಯ ಚಿಪ್ಪಿಗೆ ಹೊಸ ಹೆಸರು ಬರೆದು ಮಾರುವವರಿದ್ದಾರೆ. ಅಂಥ ಹಲವನ್ನು ಅದು ನಕಲಿ ಎಂದೇ ತೋರಿಸುತ್ತದೆ. ಹತ್ತು ನಿಮಿಷ ಆಟ ಓಡಿಸಿ ತೋರಿಸಲು ಒಪ್ಪದ ಅಂಗಡಿಯನ್ನು ಬಿಟ್ಟು ಪಕ್ಕದ ಅಂಗಡಿಗೆ ಹೋಗಿ.

ಕೊನೆಯದಾಗಿ ಮಿತಿಯ ಮಾತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಇಂಟೆಲ್‌ನ ಎಂಟನೆಯ ಪೀಳಿಗೆಗಿಂತ ಹಿಂದಿನ ಬಹುತೇಕ ಪ್ರೊಸೆಸರುಗಳನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಅಂಥ ಯಂತ್ರಗಳಿಗೆ ಲಿನಕ್ಸ್ ಒಂದು ದಾರಿ. ವಾಲ್ವ್ ಕಂಪನಿ 2018ರಲ್ಲಿ ತಂದ ಪ್ರೋಟಾನ್ ಎಂಬ ವ್ಯವಸ್ಥೆಯಿಂದ ವಿಂಡೋಸಿನ ಎಷ್ಟೋ ಆಟಗಳು ಅದರ ಮೇಲೂ ನಡೆಯುತ್ತವೆ. ಆದರೆ ಮೋಸ ತಡೆಯುವ ಕಾವಲು ತಂತ್ರಾಂಶವಿರುವ ಕೆಲವು ಆನ್‌ಲೈನ್ ಆಟಗಳು ಲಿನಕ್ಸನ್ನು ಒಳಗೆ ಬಿಡುವುದಿಲ್ಲ. ನಿಮ್ಮ ಗೆಳೆಯರೊಂದಿಗೆ ಆಡುವುದು ಅಂಥದ್ದೇ ಆಟವಾದರೆ ಬದಲಾಯಿಸುವ ಮೊದಲೇ ವಿಚಾರಿಸಿಕೊಳ್ಳಿ. ಇನ್ನು, ಈ ವರ್ಷ ಬಂದ ದೊಡ್ಡ ಆಟ ಹತ್ತು ವರ್ಷದ ಯಂತ್ರದಲ್ಲಿ ಅತಿ ಕಡಿಮೆ ಸೆಟ್ಟಿಂಗಿನಲ್ಲೂ 15 ಫ್ರೇಮು ದಾಟದಿದ್ದರೆ ಕುಂಚವೂ ಪೇಸ್ಟೂ ಅದನ್ನು 60ಕ್ಕೆ ಒಯ್ಯಲಾರವು. ಅದೇ ಯಂತ್ರದಲ್ಲಿ 2013ರ ಸುಮಾರಿನ ಆಟಗಳು, ಚಿಕ್ಕ ತಂಡಗಳು ಮಾಡಿದ ಚೊಕ್ಕ ಆಟಗಳು ಸಲೀಸಾಗಿ ಓಡುತ್ತವೆ. ಅವುಗಳ ಬೆಲೆಯೂ ಕಡಿಮೆ, ಆಡಿ ಮುಗಿಸದೆ ಉಳಿದಿರುವವೂ ಬಹಳ.